ಪೊರೆ

ಬೇಸಿಗೆಯಲ್ಲಿ ನಮ್ಮ ವಾರ್ಡೋದಲ್ಲಿ ಕತ್ತಲೆ ಹುಟ್ಟುವುದೇ ಇಲ್ಲ.
ನಡುರಾತ್ರಿಯೂ ಸೂರ್ಯ ಧಕ್ಕೆಯ ಮೇಲೆ ಕೂತು
ಕಡಲಹಕ್ಕಿಗಳ ಜೊತೆ ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಾನೆ.
ಹಾಗಾಗಿ ಕತ್ತಲೆಯನ್ನು ನಾನೇ ಹೊಲಿದುಕೊಂಡೆ:
ಅಪ್ಪನ ಹಳೆಯ ಹಾಯಿಬಟ್ಟೆ, ಅದಕ್ಕೆರಡು ಪದರ ಡಾಂಬರು,
ಆಲೂಗಡ್ಡೆಯ ನೆಲಮಾಳಿಗೆಯ ಒಂದೇ ಒಂದು ಕಿಟಕಿಗೆ.
ಸೂಜಿಮೊನೆಯಷ್ಟು ಬೆಳಕು ನುಸುಳಿದರೂ
ತುತ್ತಿನೊಳಗಿನ ಮುಳ್ಳಿನಂತೆ ಹುಡುಕಿ ತೆಗೆಯುತ್ತಿದ್ದೆ.

ಹಗಲೆಲ್ಲ ಕಾರ್ಖಾನೆಯಲ್ಲಿ ಮೀನಿನ ಬೆನ್ನು ಸೀಳುವ ಕೆಲಸ,
ಒಂದು ಮೀನಿಗೆ ಎರಡು ಸೆಕೆಂಡು.
ಅದೇ ನನ್ನ ಗಡಿಯಾರವಾಯಿತು.
ಎನ್‌ಲಾರ್ಜರಿನ ಕೆಳಗೆ ಹಾಳೆಯಿಟ್ಟು ಎಣಿಸುತ್ತಿದ್ದೆ:
ಮುಖಕ್ಕೆ ಏಳು ಮೀನು,
ಆಕಾಶಕ್ಕೆ ಮೇಲಿಂದ ಮೂರು,
ಅಷ್ಟು ಹೊತ್ತು ಅಂಗೈ ಅಡ್ಡ ಹಿಡಿದು
ಒಂದು ಗಲ್ಲವನ್ನು ಬೆಳಕಿನಿಂದ ಕಾಯುತ್ತ.

ಕೆಂಪು ದೀಪದಡಿ, ದ್ರಾವಣದಲ್ಲಿ,
ಮೊದಲು ಬರುವುದು ಮುಖವಲ್ಲ.
ಕೋಟಿನ ಗುಂಡಿ, ಮೂಗಿನ ಹೊಳ್ಳೆ, ಬೂಟಿನ ಅಟ್ಟೆ,
ಕಪ್ಪಾದವು ಹೀಗೇ, ಮುಂದೆ ನುಗ್ಗುತ್ತವೆ.
ಹಣೆ ಬರುವುದು ಎಲ್ಲರ ಊಟ ಮುಗಿದ ಮೇಲೆ,
ಮದುವೆಮನೆಗೆ ತಡವಾಗಿ ಬಂದ ಮಾವನ ಹಾಗೆ.

'ಮೀನಿನ ನಾತ ಹೋಗಲೆಂದು ಕೈ ತೊಳೆಯುತ್ತೀಯ,
ಅದಕ್ಕಿಂತ ಕೆಟ್ಟದ್ದನ್ನು ಹಚ್ಚಿಕೊಂಡು ಬರುತ್ತೀಯ,'
ಎನ್ನುತ್ತಿದ್ದ ಐಲಿಫ್, ಇದ್ದಾಗ.
ಎನ್ನುತ್ತಲೇ ಕೈ ಹಿಡಿದುಕೊಳ್ಳುತ್ತಿದ್ದ.

ನಲವತ್ತೆಂಟು ವರ್ಷ.

ಹೋದ ಅಕ್ಟೋಬರಿನಲ್ಲಿ ಕಿರ್ಕೆನೆಸ್ಸಿನ ವೈದ್ಯೆ
ಎರಡೂ ಕಣ್ಣಿನ ಪೊರೆ ತೆಗೆದಳು.
ಕಾಲು ಗಂಟೆಯ ಕೆಲಸ, ಈರುಳ್ಳಿಯ ಸಿಪ್ಪೆ.
ಹಡಗಿಳಿದು ಮನೆಗೆ ಬಂದು
ಅಡಿಗೆಮನೆಯ ಗೋಡೆಯ ಮೇಲೆ ನೋಡಿದೆ: ಯಾರಿವನು?
ಕೆನ್ನೆಯ ಕುಳಿಯಲ್ಲಿ ಡಾಂಬರು, ಹಣೆ ಬರೀ ಸುಣ್ಣ.
ನಡುವೆ ಇರಬೇಕಾದ ಬೂದು,
ಹೆರಿಂಗ್ ಹೊಟ್ಟೆಯ ಬೂದು, ಒದ್ದೆ ಉಣ್ಣೆಯ ಬೂದು,
ಅವನು ಸುಮ್ಮನಿರುವಾಗ ತುಟಿಯ ಕೆಳಗೆ ಇರುತ್ತಿದ್ದ ಬೂದು,
ಒಂದೂ ಇಲ್ಲ.
ನನ್ನ ಮಬ್ಬುಗಣ್ಣಿಗೆ ಕಾಣಲಿ ಎಂದು
ಹತ್ತು ವರ್ಷ ಎಲ್ಲರನ್ನೂ ಗಡಸು ಮಾಡಿದ್ದೆ,
ಕಿವಿ ಕೇಳದವಳು ಕೂಗಿ ಮಾತಾಡಿದ ಹಾಗೆ.

ಯಾರೂ ಒಂದು ಮಾತು ಹೇಳಿರಲಿಲ್ಲ.
ಮೊಳೆ ಹೊಡೆದು ತೂಗುಹಾಕಿಕೊಂಡಿದ್ದರು.
ನನ್ನ ಕಣ್ಣಿಗೆ ಪೊರೆ ಬಂದಷ್ಟೂ ದಿನ
ಊರೇ ನನ್ನನ್ನು ಪೊರೆಯುತ್ತಿತ್ತೇನೋ.

ಸೂರ್ಯ ಮುಳುಗಿ ಮೇಲೇಳದ ಆ ಎರಡು ತಿಂಗಳು
ಹಾಯಿಬಟ್ಟೆಯ ಹಂಗಿಲ್ಲ.
ಅರವತ್ತೊಂದು ಮುಖಗಳನ್ನು ಮತ್ತೆ ಅಚ್ಚಿಸಿದೆ.
ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷವಾಯಿತು,
ನನ್ನ ಬಾಯಲ್ಲಿ ಮಾತ್ರ ಮೀನು ಇನ್ನೂ ಸಾಲಾಗಿ ಬರುತ್ತವೆ.
ಕಾಲಲ್ಲಿ ತಳ್ಳುವ ಜಾರುಗಾಡಿಯ ಮೇಲೆ ಹೇರಿಕೊಂಡು
ಮನೆಮನೆಗೆ ಹೋದೆ, ಸಾಲ ತೀರಿಸುವವಳಂತೆ.

ಅಂಚೆಯ ಹ್ಯಾಲ್ಮರ್ ಎರಡನ್ನೂ ಪಕ್ಕಪಕ್ಕ ಹಿಡಿದು
'ಈಗ ನಾನು ನಮ್ಮಕ್ಕನ ಹಾಗೆ ಕಾಣುತ್ತೇನೆ' ಎಂದ. ಸಂತೋಷವೋ ಬೇಸರವೋ ತಿಳಿಯಲಿಲ್ಲ.
ಶಾಲೆಯ ಟೀಚರು ಹೊಸದನ್ನು ಚೌಕಟ್ಟಿಗೆ ಸೇರಿಸಿ
ಹಳೆಯದನ್ನು ಅದರ ಬೆನ್ನಿಗೇ ಇಟ್ಟುಕೊಂಡಳು.
ಓಡ್ನಿ ಮಾತ್ರ ಬಾಗಿಲಲ್ಲೇ ತಡೆದಳು:
'ಬಿಡು ರಾಗ್ನಾ, ನನ್ನ ಗಂಡ ಹಾಗೇ ಇದ್ದ.
ಕಣ್ಣು ಕಾಣದಿದ್ದಾಗಲೇ ನೀನವನನ್ನು ಸರಿಯಾಗಿ ಕಂಡದ್ದು.'
ಆಮೇಲೆ ಒಳಗೆ ಕರೆದು ಕಾಫಿ ಕೊಟ್ಟಳು.

ಐಲಿಫ್‌ನನ್ನು ಕೊನೆಗೆ ಉಳಿಸಿಕೊಂಡಿದ್ದೆ.
ಇವತ್ತು ರಾತ್ರಿ ದೀಪ ಹಾಕಿ
ಗಲ್ಲಕ್ಕೆ ಅಡ್ಡವಾಗಿ ಅಂಗೈ ಹಿಡಿದೆ.
ಹಾಳೆಯ ಮೇಲೆ ಬೀಳಬೇಕಾದ ಗಲ್ಲ
ನನ್ನ ಮುಂಗೈಯ ಮೇಲೆ ಬಿತ್ತು,
ನರಗಳ ಮೇಲೆ, ಹಳೆಯ ಚಾಕುವಿನ ಕಲೆಯ ಮೇಲೆ,
ಬಿಳುಪೆಲ್ಲ ಕಪ್ಪಾಗಿ.

ಒಂದು ಮೀನು, ಎರಡು ಮೀನು, ಮೂರು...
ನಾಲ್ಕನೆಯದರ ಬಳಿ ಲೆಕ್ಕ ತಪ್ಪಿತು.

ಪೆಟ್ಟಿಗೆಯಲ್ಲಿ ಇನ್ನು ಒಂಬತ್ತು ಹಾಳೆ.
ಒಂದು ತೆಗೆದೆ.